ಅರವತ್ತಕ್ಕೆ ಅರಳು ಮರಳು: ಮಾತ್ರೆ ಇದೆಯಾ?

ನಮ್ಮ ಹಾಸ್ಟೆಲ್ ಫ್ಲೋರ್‌ನಲ್ಲಿ ಒಬ್ಬ ಇದ್ದಾನೆ. ಐದನೇ ಸೆಮ್, ವಯಸ್ಸು 20. ರಾತ್ರಿ ಮೂರರವರೆಗೆ ರೀಲ್ಸ್ ನೋಡಿ, ಬೆಳಗ್ಗೆ ಫಸ್ಟ್ ಅವರ್ ಬಂಕ್ ಹೊಡೆದು, ಎದ್ದ ತಕ್ಷಣ ‘ಮುಪ್ಪು ತಡೆಯುವ’ ಕ್ಯಾಪ್ಸೂಲ್ ಒಂದನ್ನು ನುಂಗುತ್ತಾನೆ. ಆನ್‌ಲೈನ್‌ನಲ್ಲಿ ತರಿಸಿದ್ದು. ಕಾಲೆಳೆದು ಕಾಲೆಳೆದು ನಮಗೇ ಸುಸ್ತಾಗಿತ್ತು. ಆದರೆ ದಸರಾ ರಜೆಗೆ ಊರಿಗೆ ಹೋಗಿ ಬಂದವನು ಗಂಭೀರವಾಗಿ ಕೇಳಿದ: “ಲೋ, ಇದನ್ನ ನಮ್ಮ ತಾತಂಗೆ ಕೊಟ್ರೆ ಏನಾದ್ರೂ ಉಪಯೋಗ ಆಗುತ್ತಾ?” ತಾತನಿಗೆ 74. ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ, ಕೇಳಿದ್ದಕ್ಕೆ ಸಂಬಂಧವೇ ಇಲ್ಲದ ಉತ್ತರ ಕೊಡುತ್ತಾರೆ, ಪೆನ್ಷನ್ ದುಡ್ಡಿನ ಲೆಕ್ಕ ತಪ್ಪುತ್ತಾರೆ. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು: ಅರವತ್ತಕ್ಕೆ ಅರಳು ಮರಳು, ಇವರಿಗೆ ಎಪ್ಪತ್ತು ದಾಟಿದೆ, ಇನ್ನೇನು.

ಅವನ ಪ್ರಶ್ನೆ ತಮಾಷೆಯದಲ್ಲ ಅನ್ನಿಸಿತು. ಮುಪ್ಪನ್ನು ನಿಧಾನ ಮಾಡುವ ಔಷಧ ನಿಜಕ್ಕೂ ಇದೆಯಾ? ಇದ್ದರೆ ಅದು ತಲೆಗೂ ಕೆಲಸ ಮಾಡುತ್ತಾ? ಆಮೇಲೆ ಒಂದಷ್ಟು ಹುಡುಕಿ ಓದಿದೆ.

ಮೊದಲು ಅವನ ಕ್ಯಾಪ್ಸೂಲ್ ಕಥೆ ಮುಗಿಸಿಬಿಡೋಣ. ಅದರಲ್ಲಿರುವುದು ರೆಸ್ವೆರಾಟ್ರಾಲ್, ಕೆಂಪು ದ್ರಾಕ್ಷಿ ಸಿಪ್ಪೆಯಲ್ಲಿ ಸಿಗುವ ವಸ್ತು. ಯೀಸ್ಟ್‌ನಲ್ಲಿ ಆಯಸ್ಸು ಹೆಚ್ಚಿಸಿತು ಅಂತ ಒಂದು ಕಾಲದಲ್ಲಿ ಭಾರೀ ಸುದ್ದಿಯಾಗಿತ್ತು. ಇದರ ಹಿಂದೆ ಬಿದ್ದಿದ್ದ ಸರ್ಟ್ರಿಸ್ ಎಂಬ ಕಂಪನಿಯನ್ನು 2008ರಲ್ಲಿ ಗ್ಲಾಕ್ಸೋ 72 ಕೋಟಿ ಡಾಲರ್ ಕೊಟ್ಟು ಕೊಂಡಿತು. 2013ರಲ್ಲಿ ಅದರ ಬಾಗಿಲು ಹಾಕಿತು. ಡಬ್ಬಿ ಮಾತ್ರ ಇನ್ನೂ ಮಾರಾಟವಾಗ್ತಾನೇ ಇದೆ.

ಗಂಭೀರವಾಗಿ ನೋಡಬೇಕಾದ ಔಷಧ ಬೇರೆ. ಅದರ ಹೆಸರು ರ‍್ಯಾಪಮೈಸಿನ್. 1964ರಲ್ಲಿ ಕೆನಡಾದಿಂದ ಹೊರಟ ಒಂದು ತಂಡ ಪೆಸಿಫಿಕ್ ಸಾಗರದ ನಡುವಿನ ಈಸ್ಟರ್ ದ್ವೀಪಕ್ಕೆ ಹೋಗಿ ಮಣ್ಣಿನ ಸ್ಯಾಂಪಲ್ ತಂದಿತು. ಆ ಮಣ್ಣಿನ ಬ್ಯಾಕ್ಟೀರಿಯಾವೊಂದು ತಯಾರಿಸುವ ವಸ್ತುವನ್ನು ಮಾಂಟ್ರಿಯಲ್‌ನ ಔಷಧ ಕಂಪನಿಯಲ್ಲಿದ್ದ ಸುರೇಂದ್ರನಾಥ ಸೆಹಗಲ್ ಮತ್ತು ಸಂಗಡಿಗರು ಬೇರ್ಪಡಿಸಿದರು. ಸೆಹಗಲ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದವರು. ದ್ವೀಪವನ್ನು ಅಲ್ಲಿನ ಜನ ರಾಪಾ ನುಯಿ ಅಂತಾರೆ. ಔಷಧಕ್ಕೆ ಆ ಹೆಸರೇ ಬಂತು. ಎಂಬತ್ತರ ದಶಕದ ಆರಂಭದಲ್ಲಿ ಕಂಪನಿ ಮಾಂಟ್ರಿಯಲ್ ಲ್ಯಾಬ್ ಮುಚ್ಚಿ ಅಮೆರಿಕಕ್ಕೆ ಹೊರಟಾಗ ಈ ಕೆಲಸ ನಿಂತೇಹೋಯಿತು. ಸೆಹಗಲ್ ಸುಮ್ಮನೆ ಬಿಡಲಿಲ್ಲ. ಒಂದಿಷ್ಟು ಔಷಧವನ್ನು ಮನೆಗೆ ತಂದು, ‘ತಿನ್ನಬೇಡಿ’ ಅಂತ ಚೀಟಿ ಅಂಟಿಸಿ ಅಡುಗೆಮನೆಯ ಫ್ರೀಜರ್‌ನಲ್ಲಿ ಇಟ್ಟರು. ಮನೆ ಬದಲಾದಾಗ ಅದೂ ಜೊತೆಗೆ ಹೋಯಿತು. 1999ರಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಕೊಡಲು ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದು ಅದರ ಕೆಲಸ. 2003ರಲ್ಲಿ ಸೆಹಗಲ್ ತೀರಿಕೊಂಡರು.

ಅವರು ನೋಡದೇ ಹೋದ ಸುದ್ದಿ 2009ರದ್ದು. ಅಮೆರಿಕದ ಮೂರು ಲ್ಯಾಬ್‌ಗಳು ಒಂದೇ ಪ್ರಯೋಗವನ್ನು ಬೇರೆ ಬೇರೆಯಾಗಿ ಮಾಡಿದವು. 600 ದಿನ ತುಂಬಿದ ಇಲಿಗಳಿಗೆ, ಅಂದರೆ ಮನುಷ್ಯರ ಲೆಕ್ಕದಲ್ಲಿ ಹೆಚ್ಚುಕಡಿಮೆ ಅರವತ್ತರವಕ್ಕೆ, ರ‍್ಯಾಪಮೈಸಿನ್ ಬೆರೆಸಿದ ಆಹಾರ ಹಾಕಿದರು. ಹೆಣ್ಣಿಲಿಗಳ ಆಯಸ್ಸು ಶೇ. 14, ಗಂಡಿಲಿಗಳದ್ದು ಶೇ. 9 ಹೆಚ್ಚಾಯಿತು. ಮುದಿತನದಲ್ಲಿ ಶುರು ಮಾಡಿದರೂ ಕೆಲಸ ಮಾಡಿತು ಅನ್ನೋದೇ ದೊಡ್ಡ ವಿಷಯ.

ಹೇಗೆ? ನಮ್ಮ ಜೀವಕೋಶಗಳಲ್ಲಿ ಎಂಟಾರ್ ಅನ್ನೋ ಪ್ರೋಟೀನ್ ಇದೆ (‘ಟಾರ್’ನಲ್ಲಿರುವ ಆರ್ ರ‍್ಯಾಪಮೈಸಿನ್‌ದೇ, ಔಷಧದಿಂದ ಗುರಿಗೆ ಹೆಸರು ಬಂದದ್ದು). ಹಾಸ್ಟೆಲ್ ಮೆಸ್ ನೆನಪಿಸಿಕೊಳ್ಳಿ. ಸ್ಟೋರ್ ತುಂಬ ದಿನಸಿ ಇದ್ದರೆ ಭಟ್ಟರು ಅಡುಗೆ ಮಾಡ್ತಾನೇ ಇರ್ತಾರೆ, ಫ್ರಿಡ್ಜ್ ಮೂಲೆಯ ಕೊಳೆತ ಟೊಮೆಟೊ ಕಡೆ ಯಾರೂ ತಿರುಗಿ ನೋಡಲ್ಲ. ಎರಡು ದಿನ ಸಪ್ಲೈ ನಿಂತರೆ ಮಾತ್ರ ಮೂಲೆ ಮೂಲೆ ತಡಕಿ, ಹಳೆಯದನ್ನು ಎಸೆದು, ಉಳಿದದ್ದರಲ್ಲಿ ಚಿತ್ರಾನ್ನ ಮಾಡ್ತಾರೆ. ಎಂಟಾರ್ ಆ ಸಪ್ಲೈ ನೋಡಿ ತೀರ್ಮಾನಿಸುವ ಮ್ಯಾನೇಜರ್. ಇನ್ಸುಲಿನ್, ಅಮೈನೋ ಆಮ್ಲ ಧಾರಾಳವಾಗಿದ್ದರೆ ‘ಕಟ್ಟು, ಬೆಳೆ’ ಅನ್ನುತ್ತದೆ. ಇಲ್ಲದಿದ್ದರೆ ಕೋಶ ತನ್ನೊಳಗಿನ ಹಾಳಾದ ಭಾಗಗಳನ್ನು ತಾನೇ ತಿಂದು ಮರುಬಳಕೆ ಮಾಡುತ್ತದೆ. ಇದಕ್ಕೆ ಆಟೋಫಜಿ ಅಂತಾರೆ. ಇದರ ಗುಟ್ಟು ಬಿಡಿಸಿದ ಜಪಾನಿನ ಯೋಶಿನೋರಿ ಓಸುಮಿಗೆ 2016ರಲ್ಲಿ ನೊಬೆಲ್ ಬಂತು. ರ‍್ಯಾಪಮೈಸಿನ್ ಮ್ಯಾನೇಜರ್ ಕಿವಿಯಲ್ಲಿ ‘ಸ್ಟಾಕ್ ಇಲ್ಲ’ ಅಂತ ಸುಳ್ಳು ಹೇಳುತ್ತದೆ. ಕ್ಲೀನಿಂಗ್ ಶುರು.

ಮಿದುಳಿಗೆ ಇದು ಇನ್ನೂ ಮುಖ್ಯ. ಚರ್ಮದ ಕೋಶ ಸತ್ತರೆ ಹೊಸದು ಬರುತ್ತದೆ. ನರಕೋಶಗಳು ಹಾಗಲ್ಲ, ಇಪ್ಪತ್ತರಲ್ಲಿ ಇದ್ದವೇ ಬಹುಪಾಲು ಎಂಬತ್ತರಲ್ಲೂ ಇರಬೇಕು. ಸ್ಪೇರ್ ಇಲ್ಲದ ಮೆಷಿನ್‌ಗೆ ಮೇಂಟೆನೆನ್ಸ್ ಒಂದೇ ದಾರಿ. ಅಲ್ಜೈಮರ್ ಬರುವಂತೆ ಮಾರ್ಪಡಿಸಿದ ಇಲಿಗಳಿಗೆ ಬೇಗನೆ ರ‍್ಯಾಪಮೈಸಿನ್ ಕೊಟ್ಟಾಗ ನೆನಪು ಸುಧಾರಿಸಿತು. ಮಿದುಳಿನಲ್ಲಿ ಕಸ ಗಟ್ಟಿಯಾಗಿ ಕೂತ ಮೇಲೆ ಕೊಟ್ಟಾಗ ಪ್ರಯೋಜನ ಕಾಣಲಿಲ್ಲ.

ಒಂದು ಎಡವಟ್ಟೂ ಇದೆ. ಇವತ್ತು ಓದಿದ್ದು ನಾಳೆಯೂ ನೆನಪಿರಬೇಕಾದರೆ ನರಕೋಶಗಳು ಹೊಸ ಪ್ರೋಟೀನ್ ಕಟ್ಟಬೇಕು. ಆ ಕಟ್ಟೋಣಕ್ಕೂ ಅಪ್ಪಣೆ ಕೊಡುವುದು ಇದೇ ಎಂಟಾರ್! ಪ್ರಾಣಿಗಳಲ್ಲಿ ಕಲಿಕೆಯ ಹೊತ್ತಿಗೆ ಅದನ್ನು ಬಲವಾಗಿ ತಡೆದರೆ ದೀರ್ಘಕಾಲದ ನೆನಪು ಕೂರುವುದಿಲ್ಲ. ಅಂದರೆ ಇದು ಆಫ್ ಮಾಡಿ ಆರಾಮಾಗಿ ಕೂರುವ ಸ್ವಿಚ್ ಅಲ್ಲ. ಎಷ್ಟು, ಯಾವಾಗ, ಎಷ್ಟು ದಿನಕ್ಕೊಮ್ಮೆ ಅನ್ನುವ ಕಂಟ್ರೋಲ್ ಪ್ರಾಬ್ಲಂ. ಜೊತೆಗೆ ಬಾಯಿ ಹುಣ್ಣು, ಏರುವ ಕೊಲೆಸ್ಟರಾಲ್ ಮತ್ತು ಶುಗರ್, ಸೋಂಕಿನ ಭಯ. ರ‍್ಯಾಪಮೈಸಿನ್ ವಯಸ್ಸಾದವರ ಮರೆವನ್ನು ತಡೆಯುತ್ತದೆ ಅಂತ ಮನುಷ್ಯರಲ್ಲಿ ಇನ್ನೂ ಸಾಬೀತಾಗಿಲ್ಲ.

ಹಾಗಾದರೆ ಪರೀಕ್ಷೆ ಮಾಡಿ ನೋಡಬಾರದಾ? ಇಲಿ ಮೂರು ವರ್ಷದೊಳಗೆ ಸಾಯುತ್ತದೆ, ರಿಸಲ್ಟ್ ಸಿಗುತ್ತದೆ. ಮನುಷ್ಯರ ಮೇಲೆ ಆ ಪ್ರಯೋಗ ಮಾಡಿದರೆ ಶುರು ಮಾಡಿದ ಗೈಡ್ ರಿಟೈರ್ ಆಗಿರ್ತಾರೆ. ಅದಕ್ಕೇ ನ್ಯೂಯಾರ್ಕ್‌ನ ನೀರ್ ಬಾರ್ಜಿಲೈ ಒಂದು ಉಪಾಯ ಮಾಡಿದರು: 65ರಿಂದ 79 ವರ್ಷದ 3,000 ಜನರಿಗೆ ಆರು ವರ್ಷ ಮೆಟ್‌ಫಾರ್ಮಿನ್ ಕೊಟ್ಟು, ಹೃದಯಾಘಾತ, ಪಾರ್ಶ್ವವಾಯು, ಕ್ಯಾನ್ಸರ್, ಡಿಮೆನ್ಷಿಯಾ, ಸಾವು ಇವೆಲ್ಲ ಒಟ್ಟಾರೆ ತಡವಾಗುತ್ತವಾ ಅಂತ ಅಳೆಯುವುದು. ಮೆಟ್‌ಫಾರ್ಮಿನ್ ಅಂದರೆ ನಮ್ಮ ಮನೆಗಳ ಶುಗರ್ ಮಾತ್ರೆ. ಪೇಟೆಂಟ್ ಯಾವತ್ತೋ ಮುಗಿದಿದೆ, ಲಾಭ ಇಲ್ಲದ ಕಡೆ ಕಂಪನಿ ದುಡ್ಡು ಹಾಕಲ್ಲ. ಹಾಗಾಗಿ ಈ ಯೋಜನೆ ವರ್ಷಗಟ್ಟಲೆ ಹಣಕ್ಕಾಗಿ ಕಾಯುತ್ತಾ ಕೂತಿತು. 2009ರಲ್ಲಿ ರ‍್ಯಾಪಮೈಸಿನ್ ಗೆದ್ದ ಅದೇ ಇಲಿ ಪರೀಕ್ಷೆಯಲ್ಲಿ ಮೆಟ್‌ಫಾರ್ಮಿನ್ ಒಂದೇ ಕೊಟ್ಟಾಗ ಆಯಸ್ಸು ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ ಅನ್ನುವುದನ್ನೂ ಹೇಳಬೇಕು.

“ಅಲ್ಜೈಮರ್‌ಗೇ ಹೊಸ ಔಷಧ ಬಂದಿದೆಯಲ್ಲ” ಅನ್ನಬಹುದು. ಬಂದಿದೆ, ಲೆಕಾನೆಮ್ಯಾಬ್. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಕುಸಿತವನ್ನು ಶೇ. 27ರಷ್ಟು ನಿಧಾನಿಸುತ್ತದೆ ಅಂತ ಹೆಡ್‌ಲೈನ್. ಒಳಗೆ ನೋಡಿದರೆ, 18 ಅಂಕಗಳ ಅಳತೆಯಲ್ಲಿ ಹದಿನೆಂಟು ತಿಂಗಳ ನಂತರ ಎರಡು ಗುಂಪುಗಳ ನಡುವಿನ ವ್ಯತ್ಯಾಸ 0.45. ಸಂಖ್ಯಾಶಾಸ್ತ್ರಕ್ಕೆ ಕಂಡದ್ದು ಮನೆಯವರ ಕಣ್ಣಿಗೆ ಕಾಣುತ್ತಾ ಅನ್ನುವುದು ವೈದ್ಯರ ನಡುವೆಯೇ ಜಗಳದ ವಿಷಯ. ಕೆಲವರಿಗೆ ಮಿದುಳಿನಲ್ಲಿ ಊತ, ರಕ್ತಸ್ರಾವವೂ ಆಗುತ್ತದೆ.

ಇಷ್ಟು ಓದಿ ನನಗೂ ಬೇಜಾರಾಗಿತ್ತು. ಆಮೇಲೆ ಸಿಕ್ಕಿದ್ದು ಲ್ಯಾನ್ಸೆಟ್ ಆಯೋಗದ 2024ರ ವರದಿ. ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ಶೇ. 45 ಭಾಗ ನಾವು ಬದಲಾಯಿಸಬಹುದಾದ 14 ಕಾರಣಗಳಿಗೆ ತಳುಕು ಹಾಕಿಕೊಂಡಿದೆ ಅನ್ನುತ್ತದೆ ಅದು. ಪಟ್ಟಿ ಮಹಾ ಬೋರು: ಬಿಪಿ, ಶುಗರ್, ಕೆಟ್ಟ ಕೊಲೆಸ್ಟರಾಲ್, ಸಿಗರೇಟು, ಒಂಟಿತನ, ಕಡಿಮೆ ಓದು, ಮಂದ ದೃಷ್ಟಿ. ಕೊಲೆಸ್ಟರಾಲ್ ಜೊತೆ ಪಟ್ಟಿಯ ತುದಿಯಲ್ಲಿ ಕೂತಿರೋದು ಕಿವುಡು. ಕೇಳಿಸದ ಮಾತನ್ನು ಊಹಿಸುವುದರಲ್ಲೇ ಮಿದುಳು ದಣಿಯುತ್ತದೆ, ನಿಧಾನಕ್ಕೆ ಮನುಷ್ಯ ಹರಟೆಯಿಂದಲೇ ದೂರ ಸರಿಯುತ್ತಾನೆ. ಬಿಪಿ ವಿಷಯದಲ್ಲಿ ಪ್ರಯೋಗದ ಬೆಂಬಲವೂ ಇದೆ: ಅಮೆರಿಕದಲ್ಲಿ 9,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನದಲ್ಲಿ ಮೇಲಿನ ಬಿಪಿಯನ್ನು 140ರ ಬದಲು 120ರೊಳಗೆ ಇಡುವ ಗುರಿಯಿದ್ದವರಲ್ಲಿ ಮರೆವಿನ ಮೊದಲ ಹಂತ ಶೇ. 19ರಷ್ಟು ಕಡಿಮೆ ಕಂಡಿತು. ಡಿಮೆನ್ಷಿಯಾ ಮಟ್ಟಿಗೆ ಮಾತ್ರ ಖಚಿತ ಉತ್ತರ ಸಿಗಲಿಲ್ಲ.

ಕನ್ನಡ ಸಂಘದವರಿಗೆ ಖುಷಿ ಕೊಡುವ ಸಂಗತಿಯೂ ಒಂದಿದೆ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ತಂಡ ಹೈದರಾಬಾದಿನ 648 ಡಿಮೆನ್ಷಿಯಾ ರೋಗಿಗಳ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನವದು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆಯವರಲ್ಲಿ ಕಾಯಿಲೆಯ ಲಕ್ಷಣ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಓದು ಬರಹ ಬಾರದವರಲ್ಲೂ ಹೀಗೇ. ಮನೆಯಲ್ಲಿ ಒಂದು, ಸಂತೆಯಲ್ಲಿ ಒಂದು ಭಾಷೆ ಆಡುವಾಗ ಮಿದುಳು ಸದಾ ಒಂದನ್ನು ಅದುಮಿ ಇನ್ನೊಂದನ್ನು ಎತ್ತಬೇಕು. ಆ ಕಸರತ್ತು ಹೆಚ್ಚುವರಿ ಕೆಪ್ಯಾಸಿಟಿ ಕಟ್ಟುತ್ತದೆ, ಕಾಯಿಲೆ ಬಂದರೂ ಸಿಸ್ಟಮ್ ಬೇಗ ಕುಸಿಯುವುದಿಲ್ಲ ಅನ್ನುವುದು ವಾದ. ಇದು ಪ್ರಯೋಗವಲ್ಲ, ಹೋಲಿಕೆ ಅಷ್ಟೇ. ಬೇರೆ ಕಡೆಯ ಎಲ್ಲ ಅಧ್ಯಯನಗಳಲ್ಲೂ ಇದೇ ಫಲ ಬಂದಿಲ್ಲ. ಅಂದಹಾಗೆ, ಎರಡರ ಮೇಲೆ ಮೂರು, ನಾಲ್ಕು ಭಾಷೆ ಕಲಿತವರಿಗೆ ಎಕ್ಸ್‌ಟ್ರಾ ಮಾರ್ಕ್ಸ್ ಏನೂ ಸಿಕ್ಕಿರಲಿಲ್ಲ.

ಇನ್ನು ಗೆಳೆಯನ ತಾತ. ಕ್ಯಾಪ್ಸೂಲ್ ಬದಲು ಅವರನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಹನ್ನೊಂದು ವರ್ಷದಿಂದ ಮೆಟ್‌ಫಾರ್ಮಿನ್ ತಗೊಳ್ತಿದ್ದಾರೆ. ಅದು ದೀರ್ಘಕಾಲದಲ್ಲಿ ದೇಹ ಬಿ12 ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಸಸ್ಯಾಹಾರಿಗಳಿಗೆ ಮೊದಲೇ ಬಿ12 ಕೊರತೆ, ಅದು ತೀರಾ ಇಳಿದರೆ ಮರೆವು, ಗೊಂದಲ. ರಕ್ತ ಪರೀಕ್ಷೆಯಲ್ಲಿ ಅದೇ ಬಂತು. ಎಡಗಿವಿ ಬಹುತೇಕ ಕೇಳಿಸುತ್ತಿರಲಿಲ್ಲ, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಂಬಂಧವಿಲ್ಲದ ಉತ್ತರಗಳಲ್ಲಿ ಅರ್ಧ ಪ್ರಶ್ನೆಯೇ ಕೇಳಿಸದೆ ಕೊಟ್ಟವು.

ಈಗ ಇಂಜೆಕ್ಷನ್ ನಡೆಯುತ್ತಿದೆ. ಪೆನ್ಷನ್ ಲೆಕ್ಕ ಮತ್ತೆ ತಾತನ ಕೈಗೆ ಬಂದಿದೆ. ಹೇಳಿದ್ದನ್ನೇ ಹೇಳುವುದು ಇನ್ನೂ ಇದೆಯಂತೆ, “ಅದು ಅವರ ಹಳೇ ಅಭ್ಯಾಸ” ಅಂತಾರಂತೆ ಅಜ್ಜಿ. ಕಿವಿ ಮೆಷಿನ್ ದಿನಕ್ಕೆ ಎರಡು ಗಂಟೆ ಕಿವಿಯಲ್ಲಿ, ಮಿಕ್ಕ ಹೊತ್ತು ಅಂಗಿ ಜೇಬಿನಲ್ಲಿ. ನಮ್ಮವನ ಕ್ಯಾಪ್ಸೂಲ್ ಡಬ್ಬಿ ಖಾಲಿಯಾಗಿದೆ. ಅದರಲ್ಲೀಗ ಪ್ರಾಜೆಕ್ಟ್‌ನ ರೆಸಿಸ್ಟರ್‌ಗಳನ್ನು ತುಂಬಿಟ್ಟಿದ್ದಾನೆ.