ಬಿಸಿಲಿಗೆ ಎಂಥ ಬಟ್ಟೆ?

ಭೂಮಿಯನ್ನು ತಲುಪುವ ಬಿಸಿಲಿನಲ್ಲಿ ಬೆಳಕು ಮತ್ತು ಶಾಖದ ಜೊತೆಗೆ, ಕಣ್ಣಿಗೆ ಕಾಣದ, 400 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ನೇರಳಾತೀತ ಕಿರಣಗಳೂ ಇರುತ್ತವೆ. ಇವುಗಳಲ್ಲಿ 315 ನ್ಯಾನೋಮೀಟರಿಗಿಂತ ಕಿರಿದಾದ ‘ಬಿ’ ಕಿರಣಗಳು ಮುಖ್ಯವಾಗಿ ಚರ್ಮದ ಹೊರಪದರವನ್ನು ಸುಟ್ಟು ಕೆಂಪಾಗಿಸಿದರೆ, ಅದಕ್ಕಿಂತ ಉದ್ದನೆಯ ‘ಎ’ ಕಿರಣಗಳು ಒಳಪದರಕ್ಕಿಳಿದು ಅದರ ಬಿಗಿಯನ್ನು ಸಡಿಲಿಸಿ ಸುಕ್ಕು ಮೂಡಿಸುತ್ತವೆ; ಚರ್ಮದ ಕ್ಯಾನ್ಸರಿನಲ್ಲಿ ಎರಡರ ಪಾತ್ರವೂ ಇದೆ. ಮೈಗೆ ತಂಪೆನಿಸುವ ಬಟ್ಟೆಯೆಲ್ಲ ಈ ಕಿರಣಗಳನ್ನು ತಡೆಯುತ್ತದೆಂದು ಹೇಳಲಾಗದು, ಏಕೆಂದರೆ ಶಾಖವನ್ನು ದೂರವಿಡುವ ಗುಣವೂ ನೇರಳಾತೀತ ಕಿರಣವನ್ನು ತಡೆಯುವ ಗುಣವೂ ಬೇರೆ ಬೇರೆ.

ಚರ್ಮದ ಕ್ಯಾನ್ಸರ್ ಅತಿ ಹೆಚ್ಚಾಗಿರುವ ದೇಶಗಳಾದ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ 1996ರಲ್ಲಿ ಬಟ್ಟೆಯ ಈ ಗುಣವನ್ನು ಅಳೆಯಲು ಜಂಟಿ ಮಾನದಂಡವೊಂದನ್ನು ಪ್ರಕಟಿಸಿದವು. ಬಟ್ಟೆಯ ಮೂಲಕ ಹಾದುಬರುವ ಕಿರಣಗಳನ್ನು ಉಪಕರಣದಿಂದ ಅಳೆದು, ಚರ್ಮವನ್ನು ಸುಡುವ ಶಕ್ತಿಗನುಗುಣವಾಗಿ ಅವಕ್ಕೆ ತೂಕ ಕೊಟ್ಟು ಲೆಕ್ಕಹಾಕುವ ಈ ಸಂಖ್ಯೆಗೆ ಯುಪಿಎಫ್ ಎಂದು ಹೆಸರು. ಯುಪಿಎಫ್ 50 ಎಂದರೆ ಐವತ್ತರಲ್ಲಿ ಒಂದು ಪಾಲು, ಅಂದರೆ ಶೇಕಡ 2ರಷ್ಟು ಮಾತ್ರ ಒಳಗೆ ಬರುತ್ತದೆ ಎಂದರ್ಥ. ತೆಳುವಾದ ಬಿಳಿ ಹತ್ತಿಯ ಟೀ ಶರ್ಟಿನಲ್ಲಿ ಈ ಸಂಖ್ಯೆ ಹತ್ತನ್ನೂ ಮುಟ್ಟದಿರಬಹುದು.

ಈ ವ್ಯತ್ಯಾಸಕ್ಕೆ ಮೊದಲ ಕಾರಣ ನೇಯ್ಗೆ. ನೂಲೆಳೆಗಳ ನಡುವಿನ ಕಂಡಿಗಳಲ್ಲಿ ಕಿರಣಗಳು ತಡೆಯಿಲ್ಲದೆ ನುಗ್ಗುವುದರಿಂದ, ಒತ್ತಾಗಿ ನೇಯ್ದ ಜೀನ್ಸ್ ಬಟ್ಟೆ ಬಹುತೇಕ ಪೂರ್ಣ ರಕ್ಷಣೆ ನೀಡುತ್ತದೆ. ಹೆಣಿಗೆಯ ಬಟ್ಟೆ ಮೈಗೆ ಬಿಗಿಯಾಗಿ ಹಿಗ್ಗಿದಾಗ ಕಂಡಿಗಳೂ ಹಿಗ್ಗಿ ರಕ್ಷಣೆ ಕುಸಿಯುತ್ತದೆ. ಎರಡನೆಯದು ನೂಲಿನ ರಾಸಾಯನಿಕ ಸ್ವರೂಪ. ಪಾಲಿಯೆಸ್ಟರಿನ ಅಣುಗಳಲ್ಲಿರುವ ಬೆಂಜೀನ್ ಉಂಗುರಗಳು ‘ಬಿ’ ಕಿರಣಗಳನ್ನು ಚೆನ್ನಾಗಿ ಹೀರುತ್ತವೆ, ಆದರೆ ಹತ್ತಿಯ ಸೆಲ್ಯುಲೋಸ್ ಅವನ್ನು ಹೆಚ್ಚಾಗಿ ಹೀರದು. ಬಿಳುಪುಗೊಳಿಸದ ಹತ್ತಿ ತನ್ನಲ್ಲುಳಿದ ಸಹಜ ವರ್ಣದ್ರವ್ಯಗಳಿಂದಾಗಿ ಬಿಳುಪಿಸಿದ ಹತ್ತಿಗಿಂತ ಮೇಲು. ಗಾಢ ಬಣ್ಣವೂ ಸಾಮಾನ್ಯವಾಗಿ ಹೀರುವಿಕೆಯನ್ನು ಹೆಚ್ಚಿಸುತ್ತದೆ. ಬಿಳಿ ಹತ್ತಿ ಬಟ್ಟೆ ನೀರಿನಲ್ಲಿ ನೆನೆದಾಗ ಎಳೆಗಳ ನಡುವಿನ ಗಾಳಿಯ ಜಾಗವನ್ನು ನೀರು ತುಂಬಿ, ಕಿರಣಗಳ ಚದುರುವಿಕೆ ತಗ್ಗಿ, ಬಟ್ಟೆ ಅರೆಪಾರದರ್ಶಕವಾಗುತ್ತದೆ. ಆದ್ದರಿಂದ ಒದ್ದೆ ಅಂಗಿಯಲ್ಲಿ ಬಿಸಿಲಿಗೆ ನಿಲ್ಲುವವರಿಗೆ ತಂಪು ಹೆಚ್ಚಿದರೂ ರಕ್ಷಣೆ ಕಡಿಮೆಯಾಗುತ್ತದೆ.

ಗಾಢ ಬಣ್ಣದ ಬಟ್ಟೆ ಸೆಕೆಯನ್ನು ಹೆಚ್ಚಿಸದೇ ಎಂಬ ಪ್ರಶ್ನೆಗೆ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ನೀಡಿದೆ. ಮರುಭೂಮಿಯ ಬೆದೂಯಿನ್ ಜನರ ಸಡಿಲವಾದ ಕಪ್ಪು ನಿಲುವಂಗಿ ಬಿಳಿಯದಕ್ಕಿಂತ ಹೆಚ್ಚು ಶಾಖವನ್ನು ಹೀರಿಕೊಂಡರೂ, ಆ ಹೆಚ್ಚುವರಿ ಶಾಖ ಚರ್ಮವನ್ನು ಮುಟ್ಟುವ ಮೊದಲೇ ಕಳೆದುಹೋಗುತ್ತದೆಂದು ಅದು ತೋರಿಸಿತು. ಹೀಗಾಗಿ ಒತ್ತು ನೇಯ್ಗೆ, ಗಾಢ ಬಣ್ಣ ಮತ್ತು ಸಡಿಲ ಹೊಲಿಗೆ ಒಂದೆಡೆ ಕೂಡಿದರೆ ರಕ್ಷಣೆಗಾಗಿ ಸೆಕೆಯನ್ನು ಸಹಿಸಬೇಕಾದ ಅಗತ್ಯ ಬಹಳಷ್ಟು ತಗ್ಗುತ್ತದೆ.

ಆದರೂ ಯುಪಿಎಫ್ ಸಂಖ್ಯೆ ಹೇಳುವುದು ಬಟ್ಟೆಯ ಗುಣವನ್ನೇ ಹೊರತು ಅದು ಮುಚ್ಚುವ ಮೈಯ ವಿಸ್ತಾರವನ್ನಲ್ಲ. ಕಿವಿ ಮತ್ತು ಕತ್ತನ್ನು ತೆರೆದಿಡುವ ಕ್ಯಾಪಿಗಿಂತ ಸುತ್ತಲೂ ಅಗಲ ಅಂಚಿರುವ ಟೋಪಿ, ಗಿಡ್ಡ ತೋಳಿನ ದುಬಾರಿ ಅಂಗಿಗಿಂತ ಮಣಿಕಟ್ಟಿನವರೆಗೆ ಬರುವ ಸಾಧಾರಣ ಅಂಗಿ ಹೆಚ್ಚು ಚರ್ಮವನ್ನು ಕಾಯುತ್ತದೆ.