ಮಲೇರಿಯಾ ಮಾತ್ರೆ: ಹೊರಡುವ ಮೊದಲು ಎಣಿಸಿ, ಮರಳಿದ ಮೇಲೂ ಮುಗಿಸಿ

ನಮ್ಮ ಜಮಾಅತಿನ ಒಬ್ಬ ಯುವಕ ಕಳೆದ ಮಳೆಗಾಲದಲ್ಲಿ ತಾಂಜಾನಿಯಾದ ದಾರ್ ಎಸ್ ಸಲಾಮಿಗೆ ಹೋಗಿ, ಸೋದರಮಾವನ ಮನೆಯಲ್ಲಿ ಮೂರು ವಾರ ಇದ್ದು ಬಂದ. ಮನೆಯಲ್ಲಿ ಉಳಿದಿದ್ದ ಮಲೇರಿಯಾ ಮಾತ್ರೆಯ ಪಟ್ಟಿಯನ್ನು ತಾಯಿ ಬ್ಯಾಗಿನಲ್ಲಿಟ್ಟು ಕಳುಹಿಸಿದ್ದರು. ಅದು ಕ್ಲೋರೋಕ್ವಿನ್. ಅಲ್ಲಿರುವಷ್ಟು ದಿನ ವಾರಕ್ಕೊಮ್ಮೆ ನುಂಗಿದ, ಊರಿಗೆ ಬಂದ ದಿನವೇ ಬಿಟ್ಟ. ಹತ್ತನೇ ದಿನ ಜ್ವರ ಬಂತು. ಮಳೆಗಾಲದ ಜ್ವರವಿರಬೇಕೆಂದು ಪ್ಯಾರಾಸಿಟಮಾಲ್ ಕೊಟ್ಟರು. ನಾಲ್ಕನೇ ದಿನ ಪ್ರಜ್ಞೆ ತಪ್ಪಿದಾಗ ಐಸಿಯುಗೆ ಸೇರಿಸಬೇಕಾಯಿತು. ಅಲ್‌ಹಮ್ದುಲಿಲ್ಲಾಹ್, ಅವನು ಉಳಿದ.

ಆಸ್ಪತ್ರೆಯ ಹೊರಗೆ ಅವನ ತಂದೆ ನಮ್ಮಲ್ಲಿ ಕೇಳಿದರು: "ಉಸ್ತಾದರೇ, ಮಾತ್ರೆ ತಿಂದರೂ ಬಂತಲ್ಲ, ಇದು ವಿಧಿಯಲ್ಲದೆ ಮತ್ತೇನು?"

ಎಲ್ಲವೂ ಅಲ್ಲಾಹನ ವಿಧಿಯಂತೆಯೇ ನಡೆಯುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ವಿಧಿಯ ಹೆಸರಿನಲ್ಲಿ ನಮ್ಮ ತಪ್ಪನ್ನು ಮುಚ್ಚಿಡಬಾರದು. ಖಲೀಫಾ ಉಮರ್(ರ) ಶಾಮಿನತ್ತ ಹೊರಟು ಸರ್ಗ್ ಎಂಬಲ್ಲಿಗೆ ತಲುಪಿದಾಗ, ಮುಂದೆ ಸಾಂಕ್ರಾಮಿಕ ರೋಗ ಹರಡಿರುವ ಸುದ್ದಿ ಬಂತು. ಸಂಗಾತಿಗಳೊಂದಿಗೆ ಸಮಾಲೋಚಿಸಿ ಮರಳಲು ತೀರ್ಮಾನಿಸಿದರು. ಇದು ಅಲ್ಲಾಹನ ವಿಧಿಯಿಂದ ಓಡಿದಂತೆ ಅಲ್ಲವೇ ಎಂದು ಅಬೂ ಉಬೈದಾ(ರ) ಕೇಳಿದಾಗ, ನಾವು ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬರ್ಥದಲ್ಲಿ ಉತ್ತರಿಸಿದರು. ಕಣಿವೆಯ ಒಂದು ಬದಿ ಹಸಿರಾಗಿ, ಇನ್ನೊಂದು ಬದಿ ಬರಡಾಗಿದ್ದರೆ ಒಂಟೆಯನ್ನು ಎಲ್ಲಿ ಮೇಯಿಸುತ್ತೀರಿ ಎಂದೂ ಕೇಳಿದರು. ಹಸಿರು ಬದಿಯನ್ನು ಆರಿಸುವುದು ನಮ್ಮ ಹೊಣೆ ಎಂಬುದೇ ಇದರ ಪಾಠ.

ಆ ಯುವಕನ ವಿಷಯದಲ್ಲಿ ಮೂರು ತಪ್ಪುಗಳಾಗಿದ್ದವು. ಮಾತ್ರೆ ಆ ದೇಶಕ್ಕೆ ಹೊಂದುವಂಥದ್ದಾಗಿರಲಿಲ್ಲ. ಮರಳಿದ ಮೇಲೆ ಮುಂದುವರಿಸಲಿಲ್ಲ. ಜ್ವರ ಬಂದಾಗ ರಕ್ತ ಪರೀಕ್ಷೆ ಮಾಡಿಸಲಿಲ್ಲ. ವ್ಯಾಪಾರಕ್ಕೆ, ಕೆಲಸಕ್ಕೆ, ದಅವಾ ಪ್ರವಾಸಕ್ಕೆ, ಬಂಧುಗಳನ್ನು ನೋಡಲು ಆಫ್ರಿಕಾಕ್ಕೆ ಹೋಗುವವರು ನಮ್ಮಲ್ಲಿ ಅನೇಕರಿದ್ದಾರೆ. ಆದ್ದರಿಂದ ಈ ವಿಷಯವನ್ನು ವಿವರಿಸುತ್ತಿದ್ದೇವೆ. ನಾವು ವೈದ್ಯರಲ್ಲ. ಮಾತ್ರೆ ಬರೆದುಕೊಡಬೇಕಾದವರು ವೈದ್ಯರೇ. ಅವರಲ್ಲಿ ಏನನ್ನು ಕೇಳಬೇಕು, ಏನನ್ನು ಹೇಳಬೇಕು ಎಂಬುದು ನಮಗೆ ತಿಳಿದಿರಬೇಕು.

ಯಾರಿಗೆ ಬೇಕು, ಯಾರಿಗೆ ಬೇಡ?

ವಿದೇಶಕ್ಕೆ ಹೋಗುವ ಎಲ್ಲರಿಗೂ ಈ ಮಾತ್ರೆ ಬೇಡ. ಮಕ್ಕಾ, ಮದೀನಾ, ಜಿದ್ದಾಗಳಲ್ಲಿ ಮಲೇರಿಯಾ ಇಲ್ಲ. ಹಜ್ಜ್, ಉಮ್ರಾ ಯಾತ್ರಿಕರು ಅಲ್ಲಿಗಾಗಿ ಮಾತ್ರೆ ಕೊಳ್ಳಬೇಕಾಗಿಲ್ಲ. ಯುಎಇ 2007ರಲ್ಲಿ, ಶ್ರೀಲಂಕಾ 2016ರಲ್ಲಿ, ಈಜಿಪ್ಟ್ 2024ರಲ್ಲಿ ಮಲೇರಿಯಾ ಮುಕ್ತ ದೇಶಗಳೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಮಾನ್ಯತೆ ಪಡೆದಿವೆ.

ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದ ಸ್ಥಿತಿ ಬೇರೆ. ನೈಜೀರಿಯಾ, ಕಾಂಗೋ, ಉಗಾಂಡಾ, ಮೊಜಾಂಬಿಕ್, ತಾಂಜಾನಿಯಾಗಳಿಗೆ ಹೋಗುವವರು ಮಾತ್ರೆಯ ಬಗ್ಗೆ ವೈದ್ಯರನ್ನು ಕಾಣಲೇಬೇಕು. ಒಂದೇ ದೇಶದೊಳಗೂ ವ್ಯತ್ಯಾಸವಿರುತ್ತದೆ. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್, ಡರ್ಬನ್, ಕೇಪ್‌ಟೌನ್ ನಗರಗಳಲ್ಲಿ ಮಲೇರಿಯಾ ಹರಡುವುದಿಲ್ಲ, ಆದರೆ ಮೊಜಾಂಬಿಕ್ ಗಡಿಯ ತಗ್ಗು ಪ್ರದೇಶಗಳಲ್ಲಿ ಹರಡುತ್ತದೆ. ಎತ್ತರದಲ್ಲಿರುವ ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸುವವರಿಗೆ ಅಷ್ಟಕ್ಕಾಗಿ ಮಾತ್ರೆ ಬೇಕಾಗಿಲ್ಲ. ಆದ್ದರಿಂದ ವೈದ್ಯರಲ್ಲಿ "ಆಫ್ರಿಕಾಕ್ಕೆ ಹೋಗುತ್ತೇನೆ" ಎಂದಷ್ಟೇ ಹೇಳಬೇಡಿ. ಯಾವ ಊರು, ಯಾವ ತಿಂಗಳು, ಎಷ್ಟು ರಾತ್ರಿ ಎಂದು ಬರೆದುಕೊಂಡು ಹೋಗಿ. ಪ್ರಯಾಣಕ್ಕೆ ನಾಲ್ಕರಿಂದ ಆರು ವಾರ ಮೊದಲೇ ಹೋದರೆ ಒಳ್ಳೆಯದು.

ಊರಿನ ಮಲೇರಿಯಾ ಬೇರೆ, ಅಲ್ಲಿಯದು ಬೇರೆ

ಮಂಗಳೂರಿನವರಿಗೆ ಮಲೇರಿಯಾ ಹೊಸದಲ್ಲ. ಆದ್ದರಿಂದಲೇ ನಮಗೆ ಅದರ ಭಯ ಕಡಿಮೆ. ಇಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಎಂಬ ಬಗೆ. ಅದಕ್ಕೆ ಕ್ಲೋರೋಕ್ವಿನ್ ಇನ್ನೂ ಕೆಲಸ ಮಾಡುತ್ತದೆ. ಆಫ್ರಿಕಾದಲ್ಲಿ ಹೆಚ್ಚಾಗಿರುವುದು ಫಾಲ್ಸಿಪಾರಮ್. ಅದು ಮೆದುಳು, ಮೂತ್ರಪಿಂಡಗಳನ್ನು ಕೆಲವೇ ದಿನಗಳಲ್ಲಿ ಕೆಡಿಸಬಲ್ಲದು. ಅಲ್ಲಿನ ಫಾಲ್ಸಿಪಾರಮ್ ಕ್ಲೋರೋಕ್ವಿನ್‌ಗೆ ಬಗ್ಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 5.97 ಲಕ್ಷ ಜನ ಮಲೇರಿಯಾದಿಂದ ಸತ್ತರು. ಅದರಲ್ಲಿ ಶೇ. 95ರಷ್ಟು ಸಾವುಗಳು ಆಫ್ರಿಕಾ ವಲಯದಲ್ಲೇ ಆದವು. ಊರಿನಲ್ಲಿ ಎರಡು ಸಲ ಮಲೇರಿಯಾ ಬಂದು ಹೋಗಿದೆ ಎಂಬುದು ಅಲ್ಲಿ ರಕ್ಷಣೆಯಾಗುವುದಿಲ್ಲ. ಹಿಂದೆ ಹತ್ತು ವರ್ಷ ಅಲ್ಲೇ ಇದ್ದವರೂ ಊರಿಗೆ ಬಂದು ನೆಲೆಸಿದ ಮೇಲೆ ಆ ಶಕ್ತಿಯನ್ನು ಕಳೆದುಕೊಳ್ಳುತ್ತಾರೆ.

ಇನ್ನೂ ಮೂರು ತಪ್ಪು ತಿಳಿವಳಿಕೆಗಳಿವೆ. ಒಂದು, ಹಳದಿ ಜ್ವರದ ಚುಚ್ಚುಮದ್ದು. ಆಫ್ರಿಕಾದ ಹಲವು ದೇಶಗಳಿಗೆ ಹೋಗಲು ಮತ್ತು ಅಲ್ಲಿಂದ ಭಾರತಕ್ಕೆ ಮರಳಲು ಅದರ ಪ್ರಮಾಣಪತ್ರ ಬೇಕು. ಆದರೆ ಅದು ಬೇರೆಯೇ ರೋಗದ ಲಸಿಕೆ, ಮಲೇರಿಯಾವನ್ನು ತಡೆಯುವುದಿಲ್ಲ. ಎರಡು, ಮಲೇರಿಯಾ ಲಸಿಕೆ. ಅದು ಬಂದಿರುವುದು ನಿಜ, ಪುಣೆಯಲ್ಲೇ ಒಂದು ತಯಾರಾಗುತ್ತಿದೆ. ಆದರೆ ಅದನ್ನು ಕೊಡುವುದು ಅಲ್ಲಿ ವಾಸಿಸುವ ಚಿಕ್ಕ ಮಕ್ಕಳಿಗೆ, ಪ್ರಯಾಣಿಕರಿಗಲ್ಲ. ಮೂರು, ಕಷಾಯ ಮತ್ತು ಮನೆಮದ್ದು. ಅವನ್ನು ನಂಬಿ ಮಾತ್ರೆ ಬಿಡಬಾರದು.

ಮೂರು ಔಷಧಗಳು

ಮೊದಲನೆಯದು ಅಟೊವಾಕ್ವೋನ್-ಪ್ರೊಗ್ವಾನಿಲ್. ಎರಡು ಔಷಧಗಳು ಸೇರಿರುವ ಒಂದೇ ಮಾತ್ರೆ ಇದು. ಅಲ್ಲಿಗೆ ತಲುಪುವ ಒಂದೆರಡು ದಿನ ಮೊದಲು ಆರಂಭಿಸಿ, ದಿನಕ್ಕೊಂದರಂತೆ ತೆಗೆದುಕೊಂಡು, ಅಲ್ಲಿಂದ ಹೊರಟ ಮೇಲೆ 7 ದಿನ ಮುಂದುವರಿಸಬೇಕು. ಊಟದೊಂದಿಗೆ ಅಥವಾ ಹಾಲಿನೊಂದಿಗೆ ನುಂಗಬೇಕು. ಹೆಚ್ಚಿನವರಿಗೆ ತೊಂದರೆ ಕಡಿಮೆ, ಬೆಲೆ ಹೆಚ್ಚು. ಗರ್ಭಿಣಿಯರಿಗೆ ಮತ್ತು ಮೂತ್ರಪಿಂಡ ತೀವ್ರವಾಗಿ ಕೆಟ್ಟವರಿಗೆ ಇದು ಸಲ್ಲದು.

ಎರಡನೆಯದು ಡಾಕ್ಸಿಸೈಕ್ಲಿನ್. ಬೆಲೆ ಕಡಿಮೆ, ಸುಲಭವಾಗಿ ಸಿಗುತ್ತದೆ. ದೊಡ್ಡವರಿಗೆ 100 ಮಿಲಿಗ್ರಾಂ, ದಿನಕ್ಕೊಂದು. ಒಂದೆರಡು ದಿನ ಮೊದಲು ಆರಂಭಿಸಿ, ಹೊರಟ ಮೇಲೆ ಪೂರ್ತಿ 4 ವಾರ ಮುಂದುವರಿಸಬೇಕು. ಗರ್ಭಿಣಿಯರಿಗೆ, 8 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಒಂದು ಲೋಟ ತುಂಬ ನೀರಿನೊಂದಿಗೆ ನುಂಗಿ, ಕೂಡಲೇ ಮಲಗದೆ ಕುಳಿತಿರಬೇಕು. ಇಲ್ಲವಾದರೆ ಅನ್ನನಾಳದಲ್ಲಿ ಹುಣ್ಣಾಗಬಹುದು.

ಮೂರನೆಯದು ಮೆಫ್ಲೋಕ್ವಿನ್. ವಾರಕ್ಕೊಂದು ಮಾತ್ರೆ. ಎರಡು ಮೂರು ವಾರ ಮೊದಲೇ ಆರಂಭಿಸಿ, ಮರಳಿದ ಮೇಲೆ 4 ವಾರ ಮುಂದುವರಿಸಬೇಕು. ಕೆಲವರಿಗೆ ಕೆಟ್ಟ ಕನಸು, ತಲೆಸುತ್ತು, ಆತಂಕ ಉಂಟಾಗುತ್ತದೆ. ಮಾನಸಿಕ ಕಾಯಿಲೆ, ಅಪಸ್ಮಾರ ಇದ್ದವರಿಗೆ ಇದು ಬೇಡ. ಹೃದಯ ಬಡಿತದ ತೊಂದರೆಯಿರುವವರಿಗೂ ಬೇಡ. ಇಂಥ ವಿಷಯಗಳನ್ನು ನಾಚಿಕೆಯಿಂದ ವೈದ್ಯರಲ್ಲಿ ಮುಚ್ಚಿಡಬೇಡಿ. ಗರ್ಭಿಣಿಯರು ಇಂಥ ಊರಿಗೆ ಹೋಗದಿರುವುದೇ ಮೇಲು. ಹೋಗಲೇಬೇಕಾದರೆ ವೈದ್ಯರು ಸಾಮಾನ್ಯವಾಗಿ ಯೋಚಿಸುವುದು ಇದನ್ನೇ. ಮಕ್ಕಳ ಪ್ರಮಾಣವನ್ನು ತೂಕ ನೋಡಿ ನಿಗದಿಪಡಿಸುತ್ತಾರೆ. ದೊಡ್ಡವರ ಮಾತ್ರೆಯನ್ನು ಅಂದಾಜಿನಲ್ಲಿ ಮುರಿದು ಕೊಡಬೇಡಿ. ಕ್ಷಯರೋಗದ ಔಷಧ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಬೇಕು.

ಮರಳಿದ ಮೇಲೂ ಏಕೆ ಮಾತ್ರೆ? ಸೊಳ್ಳೆ ಕಚ್ಚಿದಾಗ ರೋಗಾಣು ಮೊದಲು ಪಿತ್ತಜನಕಾಂಗವನ್ನು, ಅಂದರೆ ಲಿವರ್ ಅನ್ನು ಸೇರಿ ಒಂದು ವಾರ ಅಥವಾ ಹೆಚ್ಚು ಕಾಲ ಅಲ್ಲಿ ಬೆಳೆಯುತ್ತದೆ. ಆಮೇಲೆ ರಕ್ತಕ್ಕೆ ಇಳಿಯುತ್ತದೆ. ಡಾಕ್ಸಿಸೈಕ್ಲಿನ್, ಮೆಫ್ಲೋಕ್ವಿನ್‌ಗಳು ಅದನ್ನು ಕೊಲ್ಲುವುದು ರಕ್ತದಲ್ಲಿ. ಕೊನೆಯ ರಾತ್ರಿ ಕಚ್ಚಿದ ಸೊಳ್ಳೆಯ ರೋಗಾಣು ರಕ್ತಕ್ಕೆ ಇಳಿಯುವಾಗ ನಾವು ಊರಿನಲ್ಲಿರುತ್ತೇವೆ. ಆಗ ರಕ್ತದಲ್ಲಿ ಔಷಧ ಇರಬೇಕು. ಅಟೊವಾಕ್ವೋನ್-ಪ್ರೊಗ್ವಾನಿಲ್ ಲಿವರ್‌ನಲ್ಲಿಯೇ ತಡೆಯುವುದರಿಂದ ಅದಕ್ಕೆ ಒಂದು ವಾರ ಸಾಕು.

ಎಣಿಸಿ ಕೊಳ್ಳಿ

ಅಲ್ಲಿ 15 ದಿನ ಇರುವವರಿಗೆ ಅಟೊವಾಕ್ವೋನ್-ಪ್ರೊಗ್ವಾನಿಲ್ ಮೊದಲಿನ 2, ಅಲ್ಲಿನ 15, ನಂತರದ 7, ಒಟ್ಟು 24 ಮಾತ್ರೆ ಬೇಕು. ಡಾಕ್ಸಿಸೈಕ್ಲಿನ್ ಆದರೆ 2, 15, 28 ಸೇರಿ 45. ಮೂರು ತಿಂಗಳ ವಾಸವಾದರೆ ಮೊದಲನೆಯದು 99, ಎರಡನೆಯದು 120. ಚಿಕ್ಕ ಪ್ರವಾಸಕ್ಕೆ ಬೆಲೆಯ ಮಾತ್ರೆಯೂ ಭಾರವಾಗುವುದಿಲ್ಲ, ದೀರ್ಘ ವಾಸಕ್ಕೆ ಡಾಕ್ಸಿಸೈಕ್ಲಿನ್ ಕೈಗೆಟುಕುತ್ತದೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಪ್ರಯಾಣ ಮುಂದೆ ಹೋದೀತೆಂದು ನಾಲ್ಕೈದು ಹೆಚ್ಚೇ ಇರಲಿ.

ವೈದ್ಯರ ಚೀಟಿಯೊಂದಿಗೆ ಪರವಾನಗಿಯಿರುವ ಮೆಡಿಕಲ್‌ನಲ್ಲಿ ಬಿಲ್ ಪಡೆದು ಕೊಳ್ಳಿ. ಅಟೊವಾಕ್ವೋನ್-ಪ್ರೊಗ್ವಾನಿಲ್ ಎಲ್ಲ ಅಂಗಡಿಗಳಲ್ಲಿ ಇರುವುದಿಲ್ಲ, ತರಿಸಿಕೊಡಲು ಮೊದಲೇ ಹೇಳಿ. ಮಾತ್ರೆಯ ಅವಧಿ ಮುಗಿಯುವ ದಿನ ನಿಮ್ಮ ಕೊನೆಯ ಮಾತ್ರೆಯ ದಿನಕ್ಕಿಂತ ಆಚೆ ಇರಬೇಕು. ಆ ದಿನಾಂಕ ಕಾಣದಂತೆ ಕತ್ತರಿಸಿದ ಪಟ್ಟಿ ಬೇಡ. "ಅಲ್ಲಿ ಹೋಗಿ ಕೊಂಡರಾಯಿತು" ಎನ್ನಬೇಡಿ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ಔಷಧ ನಕಲಿ ಅಥವಾ ಕಳಪೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜಿಸಿತ್ತು. ಅಂಥ ದೂರುಗಳಲ್ಲಿ ಮಲೇರಿಯಾ ಔಷಧಗಳು ಮುಂಚೂಣಿಯಲ್ಲಿದ್ದವು. ಮಾತ್ರೆ ಮತ್ತು ಚೀಟಿ ಎರಡೂ ಕೈಚೀಲದಲ್ಲಿರಲಿ.

ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲಿನ ಜೆಲಟಿನ್ ಬಗ್ಗೆ ಕೆಲವರು ಕೇಳುತ್ತಾರೆ. ಅದು ಮಾತ್ರೆಯ ರೂಪದಲ್ಲೂ ಬರುತ್ತದೆ, ಅದನ್ನೇ ಕೇಳಿ ಕೊಳ್ಳಿ. ಸಂಶಯದಿಂದ ಔಷಧವನ್ನೇ ಬಿಡುವ ಮೊದಲು ನಿಮ್ಮ ಉಸ್ತಾದರಲ್ಲಿ ವಿಚಾರಿಸಿ.

ನಮಾಝ್, ಉಪವಾಸ ಮತ್ತು ಸೊಳ್ಳೆ

ಯಾವ ಮಾತ್ರೆಯೂ ನೂರಕ್ಕೆ ನೂರು ರಕ್ಷಣೆ ಕೊಡುವುದಿಲ್ಲ. ಮಲೇರಿಯಾದ ಅನಾಫಿಲಿಸ್ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಮುಂಜಾವಿನವರೆಗೆ. ನಾವು ಮಗ್ರಿಬ್, ಇಶಾ, ಫಜ್ರ್‌ಗೆ ಮಸೀದಿಗೆ ನಡೆಯುವ ಹೊತ್ತೂ ಅದೇ. ಜಮಾಅತ್ ಬಿಡಬೇಕೆಂದಲ್ಲ. ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಬಟ್ಟೆ, ಕಾಲುಚೀಲ ಇರಲಿ. ಸೊಳ್ಳೆ ಓಡಿಸುವ ಮುಲಾಮನ್ನು ವುಝೂ ಮಾಡಿದ ನಂತರ ಹಚ್ಚಿ. ಮತ್ತೆ ವುಝೂ ಮಾಡಿದರೆ ಮುಖ, ಕೈ, ಕಾಲುಗಳಿಂದ ಅದು ತೊಳೆದು ಹೋಗುವುದರಿಂದ ಪುನಃ ಹಚ್ಚಬೇಕು. ಮಲಗುವಾಗ ಔಷಧ ಲೇಪಿಸಿದ ಸೊಳ್ಳೆ ಪರದೆ ಕಟ್ಟಿಕೊಳ್ಳಿ.

ರಮಝಾನಿನಲ್ಲಿ ಹೋಗುವವರು ದಿನದ ಮಾತ್ರೆಯನ್ನು ಇಫ್ತಾರಿನ ಊಟದ ನಂತರ ತೆಗೆದುಕೊಳ್ಳಬಹುದು, ಉಪವಾಸಕ್ಕೆ ತೊಂದರೆಯಿಲ್ಲ. ಡಾಕ್ಸಿಸೈಕ್ಲಿನ್ ಅನ್ನು ಸಹರಿಯಲ್ಲಿ ನುಂಗಿ ಮಲಗುವುದು ಮಾತ್ರ ಬೇಡ. ಪ್ರಯಾಣಿಕನಿಗೂ ರೋಗಿಗೂ ಉಪವಾಸವನ್ನು ಮುಂದೂಡುವ ರಿಯಾಯಿತಿಯನ್ನು ಅಲ್ಲಾಹನೇ ಕೊಟ್ಟಿದ್ದಾನೆ.

ಜ್ವರ ಬಂದರೆ

ಮಾತ್ರೆ ಸರಿಯಾಗಿ ತೆಗೆದುಕೊಂಡವರಿಗೂ, ಅಲ್ಲಿ ಒಂದು ವಾರ ಕಳೆದ ಮೇಲೆ ಅಥವಾ ಮರಳಿ ಒಂದು ವರ್ಷದೊಳಗೆ ಜ್ವರ ಬಂದರೆ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಮಲೇರಿಯಾ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ. ವೈದ್ಯರು ಕೇಳದಿದ್ದರೂ "ನಾನು ಆಫ್ರಿಕಾದಿಂದ ಬಂದಿದ್ದೇನೆ" ಎಂದು ನೀವೇ ಮೊದಲು ಹೇಳಿ. ಒಂದು ಪರೀಕ್ಷೆಯಲ್ಲಿ ಕಾಣದಿದ್ದರೂ ಜ್ವರ ಇಳಿಯದಿದ್ದರೆ ಮರುದಿನ ಮತ್ತೆ ಮಾಡಿಸಿ.

ಆ ಯುವಕ ಈಗ ಮತ್ತೆ ತಾಂಜಾನಿಯಾಕ್ಕೆ ಹೋಗಿದ್ದಾನೆ. ಹೊರಡುವ ಮೊದಲು ಮಸೀದಿಗೆ ಬಂದು ದುಆ ಮಾಡಿಸಿಕೊಂಡ. ನಾವು ದುಆ ಮಾಡಿ, ಮಾತ್ರೆ ಎಷ್ಟಿದೆ ಎಂದು ಕೇಳಿದೆವು. ಎಣಿಸಿ ಇಟ್ಟುಕೊಂಡಿದ್ದ. ದೇಹ ನಮ್ಮ ಬಳಿಯಿರುವ ಅಮಾನತ್. ಒಂಟೆಯನ್ನು ಕಟ್ಟಿಹಾಕಿ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿ(ಸ) ಕಲಿಸಿದ್ದಾರೆ. ಕೊನೆಯ ಮಾತ್ರೆಯವರೆಗೂ ಬಿಡದೆ ನುಂಗುವುದು ಆ ಹಗ್ಗದ ಗಂಟಿನಂತೆ. ಅಲ್ಲಾಹನು ನಮ್ಮ ಪ್ರಯಾಣಿಕರೆಲ್ಲರನ್ನೂ ಆರೋಗ್ಯದಿಂದ ಮನೆಗೆ ಮರಳಿಸಲಿ. ಆಮೀನ್.