ಪದವಿಯೊಂದಿಗೆ ಮುಗಿಯದ ಪಾಠ: ಮನೋಆರೋಗ್ಯ ಸಿಬ್ಬಂದಿಗೆ ನಿರಂತರ ಕಲಿಕೆ ಏಕೆ ಬೇಕು?

ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರು ಶಿಕ್ಷೆಗೆ ಗುರಿಯಾಗುತ್ತಾರೆಯೇ? 2010ರಲ್ಲಿ ಸಮಾಜಕಾರ್ಯ ಪದವಿ ಪಡೆದವರು ಈ ಪ್ರಶ್ನೆಗೆ ಓದಿಕೊಂಡಿದ್ದ ಉತ್ತರ ಒಂದೇ: ಅದು ಭಾರತೀಯ ದಂಡ ಸಂಹಿತೆಯ 309ನೇ ಕಲಮಿನ ಪ್ರಕಾರ ಅಪರಾಧ. ಇಂದು ಆ ಉತ್ತರ ತಪ್ಪು. ಅಂಥ ವ್ಯಕ್ತಿ ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಮತ್ತು ಪುನರ್ವಸತಿ ಒದಗಿಸುವುದು ಸರಕಾರದ ಹೊಣೆ ಎಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಹೇಳುತ್ತದೆ. 2017ರಲ್ಲಿ ರೂಪುಗೊಂಡ ಈ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಂ ಇಲ್ಲ. ಸರಕಾರಿ ನೌಕರರ ಕರ್ತವ್ಯದ ಮೇಲೆ ಒತ್ತಡ ತರಲು ಆತ್ಮಹತ್ಯೆಗೆ ಯತ್ನಿಸುವುದು ಮಾತ್ರ ಅಲ್ಲಿ ಅಪರಾಧವಾಗಿ ಉಳಿದಿದೆ.

ಆಪ್ತಸಮಾಲೋಚಕರೇ ಹಳೆಯ ಉತ್ತರವನ್ನು ಹೇಳಿದರೆ ಏನಾದೀತು? ಪೊಲೀಸ್ ಠಾಣೆಯ ಭಯಕ್ಕೆ ಮನೆಯವರು ‘ಕೈತಪ್ಪಿ ಔಷಧ ಕುಡಿದಿದ್ದು’ ಎಂದು ಸಾಧಿಸುತ್ತಾರೆ. ದೇಹಕ್ಕೆ ಚಿಕಿತ್ಸೆ ದೊರೆಯುತ್ತದೆ, ಮನಸ್ಸಿನ ಮಾತು ಕೇಳುವವರಿಲ್ಲದೆ ರೋಗಿ ಮನೆಗೆ ಮರಳುತ್ತಾರೆ. ಕಲಿಕೆ ನಿಂತುಹೋದ ವೃತ್ತಿನಿರತರಿಂದಾಗುವ ನಷ್ಟವನ್ನು ಭರಿಸುವವರು ನೆರವು ಕೋರಿ ಬಂದವರೇ ಹೊರತು ವೃತ್ತಿನಿರತರಲ್ಲ.

ಬದಲಾಗಿರುವುದೇನು?

ಕಾನೂನಿನ ಬದಲಾವಣೆ ಅಷ್ಟಕ್ಕೇ ನಿಂತಿಲ್ಲ. ಮಾನಸಿಕ ಅಸ್ವಸ್ಥತೆ ಉಂಟಾದಾಗ ತಮಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂಬುದನ್ನು ವಯಸ್ಕರು ಮುಂಚಿತವಾಗಿಯೇ ಬರೆದಿಡಬಹುದು. ತಮ್ಮ ಪರವಾಗಿ ಪ್ರತಿನಿಧಿಯೊಬ್ಬರನ್ನು ನೇಮಿಸಬಹುದು. ರೋಗಿಯನ್ನು ಸರಪಳಿಯಿಂದ ಕಟ್ಟಿಹಾಕುವುದು ಹಾಗೂ ಅರಿವಳಿಕೆ ನೀಡದೆ ವಿದ್ಯುತ್ ಕಂಪನ ಚಿಕಿತ್ಸೆ ಕೊಡುವುದು ನಿಷಿದ್ಧ. ಇವನ್ನೆಲ್ಲ ಕುಟುಂಬದವರಿಗೆ ತಿಳಿಯಹೇಳುವ ಕೆಲಸ ಬಹುತೇಕ ಸಮಾಜ ಕಾರ್ಯಕರ್ತರದೇ.

ಗೋಪ್ಯತೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ರೋಗಿಯ ಮಾತನ್ನು ಹೊರಗೆಡಹಬಾರದೆಂಬುದು ವೃತ್ತಿಯ ಮೊದಲ ಪಾಠ. ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ ಅದನ್ನು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ವಿಧಿಸುತ್ತದೆ. ತಪ್ಪಿದರೆ ಶಿಕ್ಷೆಯೂ ಉಂಟು. ಈ ಮಿತಿಯನ್ನು ಮೊದಲ ಭೇಟಿಯಲ್ಲೇ ಹೇಗೆ ಹೇಳಬೇಕು, ಮಗುವಿನ ವಿಶ್ವಾಸ ಮುರಿಯದಂತೆ ಮುಂದುವರಿಯುವುದು ಹೇಗೆ ಎಂಬುದು ಕಾನೂನಿನ ಪುಸ್ತಕ ಓದಿದ ಮಾತ್ರಕ್ಕೆ ಬರುವ ವಿದ್ಯೆಯಲ್ಲ.

ರೋಗನಿರ್ಣಯದ ಚೌಕಟ್ಟೂ ಬದಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ರೋಗ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ವಿಡಿಯೊ ಆಟದ ವ್ಯಸನ ಮತ್ತು ದೀರ್ಘಕಾಲ ಶಮನವಾಗದ ಶೋಕ ಅದರಲ್ಲಿ ಪ್ರತ್ಯೇಕ ಸ್ಥಾನ ಪಡೆದಿವೆ. ಹುಟ್ಟಿನಲ್ಲಿ ಗುರುತಿಸಿದ ಲಿಂಗಕ್ಕೂ ವ್ಯಕ್ತಿಯ ಅನುಭವದ ಲಿಂಗಕ್ಕೂ ಹೊಂದಿಕೆಯಾಗದ ಸ್ಥಿತಿಯನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಡಲಾಗಿದೆ.

ಯಾರಿಗೆ ಯಾವ ನಿಯಮ?

ವೈದ್ಯರು ಪ್ರತಿ ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳ ನಿರಂತರ ವೈದ್ಯಕೀಯ ಶಿಕ್ಷಣ ಪಡೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ಆ ನೋಂದಣಿಯನ್ನು ನವೀಕರಿಸಿಕೊಳ್ಳಲು ಮಾನ್ಯತೆ ಪಡೆದ ತರಬೇತಿಗಳಲ್ಲಿ ಪಾಲ್ಗೊಂಡು ಅಂಕಗಳನ್ನು ಗಳಿಸಬೇಕಾಗುತ್ತದೆ.

ಸಮಾಜ ಕಾರ್ಯಕರ್ತರ ಸ್ಥಿತಿ ಭಿನ್ನ. ಬೀದಿಬದಿಯ ಫ್ಲೆಕ್ಸ್‌ಗಳಲ್ಲಿ ಕಾಣುವ ‘ಸಮಾಜ ಸೇವಕ’ರಿಗೂ ಎಂಎಸ್‌ಡಬ್ಲ್ಯು ಓದಿ ಆಸ್ಪತ್ರೆಯಲ್ಲಿ ದುಡಿಯುವ ಸಮಾಜ ಕಾರ್ಯಕರ್ತರಿಗೂ ಇರುವ ಅಂತರವನ್ನು ಸಾರ್ವಜನಿಕರು ಗುರುತಿಸುವುದೇ ವಿರಳ. ಈ ವೃತ್ತಿಗೆಂದೇ ರಾಷ್ಟ್ರಮಟ್ಟದ ಪ್ರತ್ಯೇಕ ಪರಿಷತ್ತು ದೇಶದಲ್ಲಿಲ್ಲ. 2017ರ ಕಾಯ್ದೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಿಗೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯ ಅವಕಾಶ ಕಲ್ಪಿಸಿದೆ. ಅದಕ್ಕೆ ಎಂಎಸ್‌ಡಬ್ಲ್ಯು ನಂತರ ಎರಡು ವರ್ಷಗಳ ಎಂ.ಫಿಲ್ ಅಗತ್ಯ. ಆರೋಗ್ಯ ಕ್ಷೇತ್ರದ ಸಮಾಜ ಕಾರ್ಯಕರ್ತರನ್ನು 2021ರ ಸಹಾಯಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯ ಪಟ್ಟಿಗೂ ಸೇರಿಸಲಾಗಿದೆ. ಆದರೆ ಶಾಲೆ, ಸ್ವಯಂಸೇವಾ ಸಂಸ್ಥೆ, ವ್ಯಸನಮುಕ್ತಿ ಕೇಂದ್ರಗಳಲ್ಲಿ ದುಡಿಯುವ ಬಹಳಷ್ಟು ಮಂದಿಗೆ ಮುಂದಿನ ಕಲಿಕೆ ಸ್ವಂತ ಆಸಕ್ತಿಗೆ ಬಿಟ್ಟ ವಿಷಯವಾಗಿದೆ.

ಅನ್ಯ ದೇಶಗಳಲ್ಲಿ ಹೀಗಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಚಿಕಿತ್ಸಾ ಸಮಾಜ ಕಾರ್ಯಕರ್ತರು ಎರಡು ವರ್ಷಕ್ಕೊಮ್ಮೆ ಪರವಾನಗಿ ನವೀಕರಿಸಲು 36 ಗಂಟೆಗಳ ಕಲಿಕೆ ಪೂರೈಸಬೇಕು. ಅದರಲ್ಲಿ 6 ಗಂಟೆ ಕಾನೂನು ಮತ್ತು ವೃತ್ತಿನೀತಿಗೆ ಮೀಸಲು. ಇಂಗ್ಲೆಂಡಿನಲ್ಲಿ ಗಂಟೆಗಳ ಲೆಕ್ಕವಿಲ್ಲ. ಪ್ರತಿವರ್ಷ ತಾವು ಕಲಿತದ್ದನ್ನು ಬರೆದು ಸಲ್ಲಿಸಬೇಕು, ಒಂದು ಕಲಿಕೆಯನ್ನಾದರೂ ಸಹೋದ್ಯೋಗಿಯೊಡನೆ ಚರ್ಚಿಸಿರಬೇಕು.

ಪ್ರಮಾಣಪತ್ರವೇ ಕಲಿಕೆಯಲ್ಲ

ಗಂಟೆಗಳ ಲೆಕ್ಕ ಭರ್ತಿಯಾದರೆ ಕೌಶಲ ಬರುತ್ತದೆಯೇ? ವ್ಯಸನ ಚಿಕಿತ್ಸೆ ನೀಡುವ 140 ವೃತ್ತಿನಿರತರನ್ನು ಕುರಿತು ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಗಮನಾರ್ಹ. ಕಾರ್ಯಾಗಾರದ ನಂತರವೂ ತಮ್ಮ ಕೆಲಸದ ಬಗ್ಗೆ ಹಿಮ್ಮಾಹಿತಿ ಇಲ್ಲವೇ ಮಾರ್ಗದರ್ಶನ ಪಡೆದವರಲ್ಲಿ ಕೌಶಲ ಹೆಚ್ಚಾಗಿತ್ತು. ಸಭಾಂಗಣದಲ್ಲಿ ಕುಳಿತು ಉಪನ್ಯಾಸ ಕೇಳಿ, ಊಟ ಮುಗಿಸಿ, ಪ್ರಮಾಣಪತ್ರ ಹಿಡಿದು ಬರುವ ತರಬೇತಿಗೆ ಈ ಫಲ ದೊರಕದು.

ಈ ದೃಷ್ಟಿಯಿಂದ ‘ಎಕೋ’ ಮಾದರಿ ಉಪಯುಕ್ತ. 2003ರಲ್ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಡಾ. ಸಂಜೀವ್ ಅರೋರಾ ಯಕೃತ್ತಿನ ಸೋಂಕಿನ ಚಿಕಿತ್ಸೆಗಾಗಿ ಆರಂಭಿಸಿದ ಈ ಪದ್ಧತಿಯಲ್ಲಿ, ದೂರದೂರದ ಸಿಬ್ಬಂದಿ ವಿಡಿಯೊ ಮೂಲಕ ಒಟ್ಟುಗೂಡಿ ತಮ್ಮದೇ ರೋಗಿಗಳ ಸಮಸ್ಯೆಯನ್ನು, ಹೆಸರು ಮರೆಮಾಚಿ, ತಜ್ಞರ ಮುಂದಿಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಇದನ್ನು ಮನೋಆರೋಗ್ಯ ಮತ್ತು ವ್ಯಸನ ಚಿಕಿತ್ಸೆಯ ತರಬೇತಿಗೆ ಅಳವಡಿಸಿಕೊಂಡಿದೆ. ಇದಲ್ಲದೆ ನಿಮ್ಹಾನ್ಸ್, ತೇಜ್‌ಪುರ ಹಾಗೂ ರಾಂಚಿಯ ಕೇಂದ್ರೀಯ ಸಂಸ್ಥೆಗಳಲ್ಲಿ 2018ರಿಂದ ಡಿಜಿಟಲ್ ಅಕಾಡೆಮಿಗಳಿದ್ದು, ಆನ್‌ಲೈನ್ ಮೂಲಕ ತರಬೇತಿ ನೀಡುತ್ತಿವೆ. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ಮುಂದೆ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ಕಲಿಸುವುದೇ ಆ ಪ್ರಯೋಗದ ತಿರುಳಾಗಿತ್ತು.

ಎದುರಿಗಿರುವ ಗಡುವು

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಮಾನಸಿಕ ತೊಂದರೆಗಳಿದ್ದವು. ಜನಸಂಖ್ಯೆಗೆ ಅನುಗುಣವಾಗಿ ಅಂತರರಾಷ್ಟ್ರೀಯ ಮಾನದಂಡದಷ್ಟು ಮನೋಆರೋಗ್ಯ ವೃತ್ತಿನಿರತರನ್ನು ಹತ್ತು ವರ್ಷಗಳೊಳಗೆ ಒದಗಿಸಲು ಸರಕಾರಗಳು ಕ್ರಮ ಕೈಗೊಳ್ಳಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಆ ಅವಧಿ 2028ರ ಮೇ ತಿಂಗಳಿಗೆ ಮುಗಿಯುತ್ತದೆ. ಹುದ್ದೆಗಳನ್ನು ತುಂಬಿದರಷ್ಟೇ ಸಾಲದು. ತುಂಬಿದವರಿಗೆ ತರಬೇತಿಗೆ ರಜೆ, ಶುಲ್ಕ, ಹಿರಿಯರ ಮೇಲ್ವಿಚಾರಣೆ ಸಿಗುವಂತೆಯೂ ನೋಡಿಕೊಳ್ಳಬೇಕಾಗುತ್ತದೆ. ಒಬ್ಬರೇ ಸಮಾಜ ಕಾರ್ಯಕರ್ತರಿರುವ ಕೇಂದ್ರದಲ್ಲಿ ಅವರು ಎರಡು ದಿನ ತರಬೇತಿಗೆ ಹೋದರೆ ಬಾಗಿಲು ಮುಚ್ಚಬೇಕಾಗುತ್ತದೆ ಎಂಬುದೇ ಕಲಿಕೆಗೆ ದೊಡ್ಡ ಅಡ್ಡಿ.

ಚಿಕಿತ್ಸೆಗೆ ಹೋಗುವವರೂ ಸಂಕೋಚವಿಲ್ಲದೆ ಮೂರು ಪ್ರಶ್ನೆ ಕೇಳಬಹುದು: ತಾವು ಎಲ್ಲಿ ನೋಂದಾಯಿಸಿಕೊಂಡಿದ್ದೀರಿ? ಈಚೆಗೆ ಯಾವ ತರಬೇತಿ ಪಡೆದಿರಿ? ಕಠಿಣ ಪ್ರಕರಣ ಎದುರಾದಾಗ ಯಾರೊಡನೆ ಸಮಾಲೋಚಿಸುತ್ತೀರಿ? ಈ ಪ್ರಶ್ನೆಗಳನ್ನು ಕೇಳುವ ಹಕ್ಕು ಚಿಕಿತ್ಸೆಗೆ ಬಂದ ಪ್ರತಿಯೊಬ್ಬರಿಗೂ ಇದೆ.